ಗೋಣಿಕೊಪ್ಪದ ಮಳೆಗೆ ಸಿಡ್ನಿಯ ಛಾವಣಿ ತಡೆಯುತ್ತದಾ?

ಪ್ರಶ್ನೆ: ಕೊಡಗಿನ ಗೋಣಿಕೊಪ್ಪದ ಹತ್ತಿರ ರಸ್ತೆಗೆ ತಾಗಿಕೊಂಡು ನಮ್ಮದು ಒಂದೂವರೆ ಎಕರೆ ಜಾಗ ಇದೆ. ಭೂಪರಿವರ್ತನೆ ಆಗಿದೆ. ರಸ್ತೆಯಿಂದ ಗದ್ದೆ ಕಡೆಗೆ ಇಳಿಜಾರು, ಒಟ್ಟು 25 ಅಡಿ ಇಳಿಯುತ್ತದೆ. ನಾನು, ಅಣ್ಣ ಸೇರಿ ನೂರು ನೂರು ಸೀಟಿನ ಎರಡು ಸಿನಿಮಾ ಹಾಲ್, ನಾಲ್ಕು ಲೇನಿನ ಬೌಲಿಂಗ್, ಮಕ್ಕಳ ಆಟದ ಜಾಗ, ಒಂದು ಕೆಫೆ ಕಟ್ಟಬೇಕು ಅಂತಿದ್ದೇವೆ. ಮಗಳು ಆಸ್ಟ್ರೇಲಿಯಾದಲ್ಲಿ ಓದುತ್ತಿದ್ದಾಳೆ. ಅವಳು ಕಳಿಸಿದ ಸಿಡ್ನಿ ಒಪೆರಾ ಹೌಸ್ ಫೋಟೋ ನೋಡಿದ ಮೇಲೆ ಅಣ್ಣನಿಗೆ ಅದೇ ಥರ ಬಿಳಿ ಚಿಪ್ಪಿನ ಛಾವಣಿಯೇ ಆಗಬೇಕು. ಕಂಟ್ರಾಕ್ಟರ್ ‘ಕಬ್ಬಿಣದ ಪೈಪು, ಎಸಿಪಿ (ಅಲ್ಯೂಮಿನಿಯಂ-ಪ್ಲಾಸ್ಟಿಕ್) ಶೀಟಿನಲ್ಲಿ ಕಡಿಮೆ ದುಡ್ಡಿಗೆ ಮಾಡಿಕೊಡ್ತೀನಿ’ ಅನ್ನುತ್ತಾರೆ. ಸ್ನೇಹಿತರೊಬ್ಬರು ಕಾಪಿರೈಟ್ ಕೇಸ್ ಬೀಳುತ್ತೆ ಅಂತ ಹೆದರಿಸಿದ್ದಾರೆ. ಇನ್ನೊಬ್ಬರು 20 ಪರ್ಸೆಂಟ್ ಬದಲಾಯಿಸಿದರೆ ಏನೂ ಆಗಲ್ಲ ಅಂತಾರೆ. ನನ್ನ ಹೆಂಡತಿಗೆ ಮಳೆಗಾಲದಲ್ಲಿ ಸೋರುವ ಚಿಂತೆ. ಏನು ಮಾಡೋಣ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಐದು ಜನರ ಅಭಿಪ್ರಾಯ ಇದೆ. ಅವರಲ್ಲಿ ಸರಿಯಾದ ಜಾಗಕ್ಕೆ ಕೈ ಇಟ್ಟವರು ನಿಮ್ಮ ಹೆಂಡತಿ. ಕಾಪಿರೈಟ್ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಮಳೆ, ಇಳಿಜಾರು, ಆಮೇಲೆ ಆಕಾರ.

ಅಣ್ಣನ ಆಸೆಯನ್ನು ನಾನು ತಮಾಷೆ ಮಾಡುವುದಿಲ್ಲ. ಚೆಂದದ ಕಟ್ಟಡ ನೋಡಿ ಅಂಥದ್ದು ನಮ್ಮೂರಲ್ಲೂ ಇರಲಿ ಅನ್ನುವುದು ಹೊಸ ರೋಗವೇನಲ್ಲ. ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನ ನೋಡಿ. 1820ರಲ್ಲಿ ಲಿಂಗರಾಜ ಕಟ್ಟಿಸಿದ್ದು. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು, ಒಳಗೆ ಶಿವಲಿಂಗ. ಬೇರೆ ಕಡೆಯ ಆಕಾರ ತಂದು ನಮ್ಮದು ಮಾಡಿಕೊಂಡದ್ದು ಅಂದರೆ ಇದು. ಇವತ್ತು ಅದನ್ನು ಯಾರೂ ಕಾಪಿ ಅನ್ನುವುದಿಲ್ಲ.

ಆದ್ದರಿಂದ ಸ್ಫೂರ್ತಿ ಪಡೆಯಬಹುದು. ಸಿಡ್ನಿಯಿಂದ ಏನನ್ನು ಪಡೆಯಬೇಕು ಅನ್ನುವುದೇ ಪ್ರಶ್ನೆ. ಫೋಟೋದಲ್ಲಿ ಕಾಣುವುದು ಅದರ ಹೊರಗೆರೆ ಮಾತ್ರ. ಅದರ ಹಿಂದೆ ಏನು ನಡೆಯಿತು ಅಂತ ಗೊತ್ತಾದರೆ ಅಣ್ಣನೇ ಸ್ವಲ್ಪ ಯೋಚಿಸಿಯಾರು.

ಡೆನ್ಮಾರ್ಕಿನ ವಾಸ್ತುಶಿಲ್ಪಿ ಯೋರ್ನ್ ಉಟ್ಸನ್ ಅವರ ರೇಖಾಚಿತ್ರ 1957ರಲ್ಲಿ ಸ್ಪರ್ಧೆ ಗೆದ್ದಾಗ ಆ ಛಾವಣಿಯನ್ನು ಕಟ್ಟುವುದು ಹೇಗೆ ಅಂತ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ 1959ರಲ್ಲಿ ಕೆಳಗಿನ ಕೆಲಸ ಶುರು ಮಾಡಿದರು. ಎಂಜಿನಿಯರುಗಳು ವರ್ಷಗಟ್ಟಲೆ ಲೆಕ್ಕ ಹಾಕಿದರು. 1961ರಲ್ಲಿ ದಾರಿ ಸಿಕ್ಕಿತು: ಎಲ್ಲ ಚಿಪ್ಪುಗಳನ್ನೂ ಒಂದೇ ಗೋಳದಿಂದ ಕತ್ತರಿಸಿಕೊಳ್ಳುವುದು. ಒಂದೇ ಕಿತ್ತಳೆ ಸಿಪ್ಪೆಯ ಸಣ್ಣ, ದೊಡ್ಡ ತುಂಡುಗಳ ಹಾಗೆ. ಗೋಳ ಒಂದೇ ಆದ್ದರಿಂದ ಬಾಗು ಎಲ್ಲ ಕಡೆ ಒಂದೇ. ಬಾಗು ಒಂದೇ ಆದ್ದರಿಂದ ಅವೇ ಅಚ್ಚುಗಳಲ್ಲಿ ಕಾಂಕ್ರೀಟ್ ಪಕ್ಕೆಲುಬುಗಳನ್ನು ಮತ್ತೆ ಮತ್ತೆ ಎರಕ ಹೊಯ್ಯಬಹುದು. ಮೇಲೆ ಹತ್ತು ಲಕ್ಷಕ್ಕೂ ಜಾಸ್ತಿ ಟೈಲ್ಸ್. ಅಂದಾಜು 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ಇದ್ದದ್ದು 10 ಕೋಟಿ 20 ಲಕ್ಷಕ್ಕೆ ಮುಟ್ಟಿತು. 1973ರಲ್ಲಿ ಉದ್ಘಾಟನೆ ಆಗುವ ಹೊತ್ತಿಗೆ ಉಟ್ಸನ್ ಅಲ್ಲಿರಲಿಲ್ಲ. ಸರ್ಕಾರದ ಜೊತೆ ಜಗಳವಾಗಿ 1966ರಲ್ಲೇ ಬಿಟ್ಟು ಹೋಗಿದ್ದರು.

ಸಿನಿಮಾ ಹಾಲ್ ಕಟ್ಟುವ ನಿಮಗೆ ಇನ್ನೊಂದು ಸಂಗತಿ ಮುಖ್ಯ. ಹೊರಗಿನ ಚಿಪ್ಪಿಗೂ ಒಳಗಿನ ಹಾಲಿಗೂ ಅಲ್ಲಿ ಹೊಂದಾಣಿಕೆ ಇಲ್ಲ. ಒಳಗೆ ಬೇರೆಯೇ ಗೋಡೆ, ಬೇರೆಯೇ ಸೀಲಿಂಗ್. ದೊಡ್ಡ ಹಾಲ್ ಸಂಗೀತಕ್ಕೂ ಒಪೆರಾಕ್ಕೂ ಆಗಬೇಕಿತ್ತು. ಕೊನೆಗೆ ಒಪೆರಾವನ್ನು ಚಿಕ್ಕ ಹಾಲಿಗೆ ತಳ್ಳಿದರು, ಅಲ್ಲಿ ರಂಗಸ್ಥಳ ಇಕ್ಕಟ್ಟು. ಸಂಗೀತದ ಹಾಲಿನ ಧ್ವನಿ ಸರಿಪಡಿಸಿ ಮತ್ತೆ ತೆರೆದದ್ದು 2022ರಲ್ಲಿ. ಒಂದು ದೇಶಕ್ಕೆ ಅಷ್ಟು ಕಾಯುವ ತಾಕತ್ತು ಇರುತ್ತದೆ. ಬ್ಯಾಂಕ್ ಸಾಲ ಮಾಡಿದ ಅಣ್ಣ ತಮ್ಮಂದಿರಿಗೆ ಎಲ್ಲಿಂದ ಬರಬೇಕು?

ಈಗ ನಮ್ಮ ಮಳೆ. ಸಿಡ್ನಿಯಲ್ಲಿ ವರ್ಷಕ್ಕೆ ಸುಮಾರು 1,200 ಮಿ.ಮೀ. ಮಳೆ, ಅದೂ ವರ್ಷವಿಡೀ ಹಂಚಿಕೊಂಡು. ಮಡಿಕೇರಿಯಲ್ಲಿ 3,000 ಮಿ.ಮೀ. ದಾಟುತ್ತದೆ. ನಿಮ್ಮ ಕಡೆ ಅಷ್ಟಿಲ್ಲ. ಆದರೂ ಬರುವುದರಲ್ಲಿ ಮುಕ್ಕಾಲು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಂದುಬಿಡುತ್ತದೆ, ಗಾಳಿ ಜೊತೆಗೆ ಓರೆಯಾಗಿ ಹೊಡೆಯುತ್ತದೆ. ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ನಿಮ್ಮ ಛಾವಣಿ 12,000 ಚದರ ಅಡಿ ಅಂದುಕೊಂಡರೆ, 100 ಮಿ.ಮೀ. ಸುರಿದ ದಿನ 1.1 ಲಕ್ಷ ಲೀಟರ್ ನೀರು ಅದರ ಮೇಲೆ ಬೀಳುತ್ತದೆ. ಇಳಿಜಾರು ಛಾವಣಿ ಅದನ್ನು ಸೂರಿನ ಉದ್ದಕ್ಕೂ ಹಂಚಿ ಬಿಡುತ್ತದೆ. ಚಿಪ್ಪುಗಳು ಹಾಗಲ್ಲ. ಎರಡು ಚಿಪ್ಪು ಸೇರುವ ಕಣಿವೆಗೆ, ಅವುಗಳ ಬುಡಕ್ಕೆ ಅಷ್ಟೂ ನೀರನ್ನು ತಂದು ಸುರಿಯುತ್ತವೆ. ಆ ಕಣಿವೆಗೆ ಸಿಲ್ವರ್ ಮರದ ಎಲೆ ಬಂದು ಕೂತರೆ ಮುಗಿಯಿತು. ತೆಗೆಯಲು ಅಲ್ಲಿಗೆ ಹತ್ತುವವರು ಯಾರು, ಅದೂ ಜುಲೈನಲ್ಲಿ, ಪಾಚಿ ಕಟ್ಟಿದ ಬಾಗು ಮೇಲ್ಮೈ ಮೇಲೆ?

ಬಿಳಿ ಬಣ್ಣದ ಆಸೆಯನ್ನೂ ಇಲ್ಲೇ ಮುಗಿಸೋಣ. ನಿಮ್ಮ ಪೇಟೆಯಲ್ಲೇ ಮೂರು ವರ್ಷ ಹಿಂದೆ ಬಿಳಿ ಬಳಿದ ಯಾವುದಾದರೂ ಕಟ್ಟಡದ ಹತ್ತಿರ ನಿಂತು ನೋಡಿ. ಪ್ರತಿ ಕಿಟಕಿ ಕಲ್ಲಿನ ಎರಡು ತುದಿಯಿಂದಲೂ ಕೆಳಗೆ ಕಪ್ಪು ಗೆರೆ ಇಳಿದಿರುತ್ತದೆ. ಪ್ಯಾರಪೆಟ್ ಮೇಲ್ಭಾಗ ಕಪ್ಪು, ಬಿಸಿಲು ಬೀಳದ ಗೋಡೆ ಹಸಿರು. ಸಿಡ್ನಿಯಲ್ಲಿ ಮೆರುಗಿನ ಟೈಲ್ಸ್ ಇರುವುದರಿಂದ ಮಳೆಯೇ ತೊಳೆಯುತ್ತದೆ. ನಿಮಗೆ ಸಿಗುವುದು ಪೇಂಟ್ ಅಥವಾ ಶೀಟು. ಶೀಟಿನ ಕೀಲುಗಳಲ್ಲಿ ತುಂಬುವ ಸೀಲೆಂಟ್ ನಮ್ಮ ಬಿಸಿಲು, ಮಳೆಗೆ ಕೆಲವೇ ವರ್ಷಗಳಲ್ಲಿ ಬಿರುಕು ಬಿಡುತ್ತದೆ.

‘ಸ್ಲ್ಯಾಬ್ ಹಾಕಿ ಒಳ್ಳೆ ವಾಟರ್‌ಪ್ರೂಫಿಂಗ್ ಮಾಡಿದರೆ ಸಾಕು’ ಅನ್ನುವ ಮಾತೂ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಕೊಡಗಿನಲ್ಲಿ ಸಮತಟ್ಟು ಸ್ಲ್ಯಾಬ್ ಹಾಕಿದ ಎಷ್ಟು ಮನೆಗಳ ಮೇಲೆ ಆಮೇಲೆ ಶೀಟ್ ಛಾವಣಿ ಬಂದು ಕೂತಿದೆ ಅಂತ ಸುಮ್ನೆ ಎಣಿಸುತ್ತಾ ಬನ್ನಿ. ಉತ್ತರ ಸಿಗುತ್ತದೆ.

ಬರಿ ಶೀಟ್ ಹಾಕಿದರೆ ಸೋರುವುದಿಲ್ಲ, ನಿಜ. ಆದರೆ ಸಿನಿಮಾ ಹಾಲಿನ ಮೇಲೆ ಬರಿ ಶೀಟ್ ಇದ್ದರೆ ಜುಲೈ ತಿಂಗಳಲ್ಲಿ ನಾಯಕಿ ಏನಂದಳು ಅಂತ ಪಕ್ಕದವರನ್ನು ಕೇಳಬೇಕಾಗುತ್ತದೆ. ಮಳೆ ಸದ್ದನ್ನು ತಡೆಯುವುದು ತೂಕ. ಹಾಲಿನ ಮೇಲೆ ಕಾಂಕ್ರೀಟ್ ಸ್ಲ್ಯಾಬ್, ಅದರ ಮೇಲೆ ಗಾಳಿ ಆಡುವ ಜಾಗ ಬಿಟ್ಟು ಟ್ರಸ್ (ಛಾವಣಿ ಹೊರುವ ಚೌಕಟ್ಟು), ಅದರ ಮೇಲೆ ಹೆಂಚು ಅಥವಾ ಶೀಟು. ನೀರನ್ನು ಮೇಲಿನದು ನೋಡಿಕೊಳ್ಳುತ್ತದೆ, ಸದ್ದನ್ನು ಕೆಳಗಿನದು. ಖರ್ಚು ಎರಡಾಯಿತು ಅನ್ನಿಸಬಹುದು. ಮಲ್ಟಿಪ್ಲೆಕ್ಸ್ ನಡೆಸುವವರಿಗೆ ಇದರಲ್ಲಿ ಚೌಕಾಸಿ ಇಲ್ಲ.

ಒಳಗಿನ ತೇವದ ಬಗ್ಗೆಯೂ ಒಂದು ಮಾತು. ಇಲ್ಲಿ ಎಸಿ ಬೇಕಾಗುವುದು ತಂಪಿಗಿಂತ ಜಾಸ್ತಿ ಗಾಳಿಯ ತೇವ ತೆಗೆಯಲು. ಬೀರುವಿನಲ್ಲಿಟ್ಟ ಕೋಟಿಗೇ ಬೂಷ್ಟು ಹಿಡಿಯುವ ಊರಲ್ಲಿ ಹಾಲಿನ ಬಟ್ಟೆ ಪ್ಯಾನೆಲ್, ಕುಷನ್ ಸೀಟು ಏನಾಗುತ್ತವೆ ಅಂತ ನಿಮಗೇ ಗೊತ್ತು. ಬೌಲಿಂಗ್ ಲೇನನ್ನೂ ಮರದ್ದಲ್ಲ, ಸಿಂಥೆಟಿಕ್ ಹಾಕಿಸಿ.

ಇಳಿಜಾರಿನ ವಿಷಯ ಇದಕ್ಕಿಂತ ಗಂಭೀರ. ಚಿಪ್ಪಿನ ಕಟ್ಟಡಕ್ಕೆ ದೊಡ್ಡ ಸಮತಟ್ಟು ಜಾಗ ಬೇಕು. 25 ಅಡಿ ಇಳಿಯುವ ನಿಮ್ಮ ಜಾಗದಲ್ಲಿ ಅದನ್ನು ಮಾಡಲು ರಸ್ತೆ ಕಡೆ ಬರೆ (ಮಣ್ಣಿನ ದಿಬ್ಬ) ಕಡಿದು ಆ ಮಣ್ಣನ್ನು ಗದ್ದೆ ಕಡೆ ತುಂಬಬೇಕು. ಹಿಟಾಚಿಗೆ ಅದು ವಾರದ ಕೆಲಸ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡ ಕುಸಿದು ಏನಾಯಿತು, 2019ರಲ್ಲಿ ವಿರಾಜಪೇಟೆ ತಾಲೂಕಿನ ತೋರದಲ್ಲಿ ಏನಾಯಿತು ಅಂತ ನಿಮಗೆ ನಾನು ಹೇಳಬೇಕಿಲ್ಲ. ಆ ಕುಸಿತಗಳಿಗೆಲ್ಲ ಕಟ್ಟಡವೇ ಕಾರಣ ಅಂತ ನಾನು ಹೇಳುತ್ತಿಲ್ಲ. ವಿಪರೀತ ಮಳೆಯೂ ಇತ್ತು. ಆದರೆ ಬುಡ ಕಡಿದ ಬರೆ, ದಾರಿ ತಪ್ಪಿಸಿದ ತೋಡು (ಸಣ್ಣ ಹಳ್ಳ), ಸಡಿಲ ತುಂಬಿದ ಮಣ್ಣು ಇವು ಮೂರೂ ಸೇರಿದರೆ ಸಾಧಾರಣ ಮಳೆಯೇ ಸಾಕು.

ತಡೆಗೋಡೆ ಕಟ್ಟಿದರೆ ಆಯಿತಲ್ಲ ಅಂತ ಕಂಟ್ರಾಕ್ಟರ್ ಅನ್ನಬಹುದು. ತಡೆಗೋಡೆ ಬೀಳುವುದು ಮಣ್ಣಿನ ಭಾರಕ್ಕಿಂತ ಅದರ ಹಿಂದೆ ನಿಂತ ನೀರಿನಿಂದ. ಗೋಡೆಯಲ್ಲಿ ನೀರು ಬಿಡಲು ಪಿವಿಸಿ ಪೈಪು ಇಟ್ಟಿರುತ್ತಾರೆ, ಹಿಂದೆ ಜಲ್ಲಿ ಹಾಕಿರುವುದಿಲ್ಲ. ಎರಡು ಮಳೆಗಾಲದಲ್ಲಿ ಪೈಪಿನ ಬಾಯಿಗೆ ಕೆಂಪು ಮಣ್ಣು ಕಟ್ಟಿ ಅದರ ಮೇಲೆ ಹುಲ್ಲು ಬೆಳೆದಿರುತ್ತದೆ. ಗೋಡೆಯ ನಡುಭಾಗ ಮೆಲ್ಲಗೆ ಹೊರಗೆ ಉಬ್ಬುತ್ತದೆ. ಮಳೆಗಾಲದಲ್ಲಿ ಗೋಡೆಗೆ ಒರತೆ ಇದ್ದೂ ಪೈಪಿನಲ್ಲಿ ನೀರು ಬರದಿದ್ದರೆ ಸಂತೋಷಪಡಬೇಡಿ, ಹೆದರಿಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೂ ಸಿಡ್ನಿಯಿಂದ ತೆಗೆದುಕೊಳ್ಳಬೇಕಾದ ಒಂದು ವಿಷಯ ಇದೆ. ನನ್ನ ಪ್ರಕಾರ ಅದೇ ಮುಖ್ಯ. ಉಟ್ಸನ್ ಅವರೂ ಸ್ಫೂರ್ತಿ ಪಡೆದವರೇ. 1949ರಲ್ಲಿ ಅವರು ಮೆಕ್ಸಿಕೊಗೆ ಹೋಗಿ ಮಾಯಾ ಜನರ ಹಳೆಯ ದೇಗುಲಗಳ ಕಲ್ಲಿನ ಜಗಲಿಗಳನ್ನು ನೋಡಿದ್ದರು. ಕಾಡಿನ ನಡುವೆ ಅಗಲವಾದ ಮೆಟ್ಟಿಲು ಹತ್ತಿ ಮೇಲೆ ಬಂದರೆ ಮರಗಳ ತಲೆ ಮೇಲಿನ ಆಕಾಶ ಪೂರ್ತಿ ತೆರೆದುಕೊಳ್ಳುತ್ತದೆ. ಸಿಡ್ನಿಯಲ್ಲಿ ಅವರು ಪಿರಮಿಡ್ ಕಟ್ಟಲಿಲ್ಲ. ಆ ಎತ್ತರದ ಜಗಲಿಯ ಅನುಭವವನ್ನು ತಂದರು. ಕೆಳಗೆ ಭಾರವಾದ ಕಟ್ಟೆ, ಮೇಲೆ ಹಗುರವಾಗಿ ಕಾಣುವ ಛಾವಣಿ, ನಡುವೆ ಜನ ಓಡಾಡಿಕೊಂಡು ಸಮುದ್ರ ನೋಡುವ ಜಾಗ. ಚಿಪ್ಪನ್ನು ತೆಗೆದು ನೋಡಿದರೆ ಒಪೆರಾ ಹೌಸ್ ಅಂದರೆ ಇಷ್ಟೇ.

ಈಗ ನಿಮ್ಮ ಕಡೆಯ ಯಾವುದಾದರೂ ಹಳೆಯ ಐನ್‌ಮನೆ, ಅಂದರೆ ಕೊಡವರ ಮೂಲಮನೆ, ನೆನಪು ಮಾಡಿಕೊಳ್ಳಿ. ಓಣಿಯಲ್ಲಿ ಬಂದು ಮೆಟ್ಟಿಲು ಹತ್ತಿದರೆ ಎತ್ತರದ ಕಟ್ಟೆ. ಮೇಲೆ ಮುಂದಕ್ಕೆ ಬಾಗಿದ ದೊಡ್ಡ ಛಾವಣಿ. ನಡುವೆ ಕಯ್ಯಾಲೆ ಅನ್ನುವ ಜಗಲಿ, ಕೂತು ಗದ್ದೆ ನೋಡಲು ಐಮರ ಅನ್ನುವ ಮರದ ಹಲಗೆ. ಇದು ಮಳೆಯಲ್ಲಿ ನೂರಾರು ವರ್ಷ ಪರೀಕ್ಷೆ ಆದ ವಿನ್ಯಾಸ. ಐನ್‌ಮನೆಯ ನಕಲು ಮಾಡಿ, ಮುಂದೆ ಕೆತ್ತಿದ ಕಂಬ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಅದು ಮತ್ತೊಂದು ಬಗೆಯ ಸೆಟ್ಟಿಂಗ್ ಆಗುತ್ತದೆ, ರೆಸಾರ್ಟುಗಳಲ್ಲಿ ಈಗಾಗಲೇ ಬೇಕಾದಷ್ಟು ಇದೆ. ಕಟ್ಟೆ, ಛಾವಣಿ, ನಡುವಿನ ತೆರೆದ ಜಾಗ ಈ ಮೂರನ್ನು ಹಿಡಿದುಕೊಂಡು ಇವತ್ತಿನ ಉಕ್ಕು, ಕಾಂಕ್ರೀಟ್, ಗಾಜಿನಲ್ಲಿ ಕಟ್ಟಬಹುದು.

ನಿಮ್ಮ ಜಾಗದಲ್ಲಿ ಅದು ಹೀಗೆ ಕೂರುತ್ತದೆ. ರಸ್ತೆ ಮಟ್ಟದಲ್ಲಿ ಟಿಕೆಟ್ ಕೌಂಟರ್, ಮಕ್ಕಳ ಆಟ, ಕೆಫೆ. ಕೆಫೆ ಮುಂದೆ ಗದ್ದೆ ಕಡೆ ಮುಖ ಮಾಡಿದ ಅಗಲವಾದ ಜಗಲಿ. ಎರಡು ಸಿನಿಮಾ ಹಾಲ್ ಇಳಿಜಾರಿನ ಜೊತೆಗೇ ಕೆಳಗೆ ಇಳಿಯಲಿ. ಹಾಲಿಗೆ ಮೆಟ್ಟಿಲು ಮೆಟ್ಟಿಲಾಗಿ ಸೀಟು ಬೇಕೇ ಬೇಕಲ್ವಾ, ಆ ಮೆಟ್ಟಿಲನ್ನು ನೆಲವೇ ಕೊಡುತ್ತಿದೆ. ಜನ ಮೇಲಿಂದ ಒಳಗೆ ಬರುತ್ತಾರೆ, ಪರದೆ ಕೆಳತುದಿಯಲ್ಲಿ. ಬರೆ ಕಡಿಯುವುದು ಎಷ್ಟೋ ಉಳಿಯುತ್ತದೆ. ಬೌಲಿಂಗ್ ಒಂದಕ್ಕೆ ಮಾತ್ರ ನೀಳವಾದ ಸಮತಟ್ಟು ಬೇಕು. ಫೌಲ್ ಗೆರೆಯಿಂದ ಮುಂದಿನ ಪಿನ್‌ಗೆ 60 ಅಡಿ, ಓಡಿ ಬರುವ ಜಾಗ, ಹಿಂದಿನ ಯಂತ್ರ ಎಲ್ಲ ಸೇರಿ 85 ಅಡಿ ಮೇಲೆಯೇ ಆಗುತ್ತದೆ, ನಡುವೆ ಕಂಬ ಇರುವಂತಿಲ್ಲ. ಅದನ್ನು ಇಳಿಜಾರಿಗೆ ಅಡ್ಡವಾಗಿ, ಅಂದರೆ ರಸ್ತೆಗೆ ಸಮಾನಾಂತರವಾಗಿ ಮಲಗಿಸಿ. ಎಲ್ಲದರ ಮೇಲೆ ಎರಡೋ ಮೂರೋ ದೊಡ್ಡ ಇಳಿಜಾರು ಛಾವಣಿ, ಒಂದು ಎತ್ತರ, ಒಂದು ತಗ್ಗು, ಸೂರು ಚೆನ್ನಾಗಿ ಮುಂದಕ್ಕೆ ಚಾಚಿರಲಿ. ರಸ್ತೆಯಲ್ಲಿ ಬರುವವರಿಗೆ ದೂರದಿಂದ ಕಾಣುವ ಗೆರೆ ಅದೇ.

ಇಳಿಜಾರನ್ನು ಬಳಸಿಕೊಳ್ಳುವ ಆಧುನಿಕ ಕಟ್ಟಡ ನೋಡಬೇಕು ಅಂದರೆ ಸಿಡ್ನಿಗಿಂತ ಭೋಪಾಲ್ ಹತ್ತಿರ. ಅಲ್ಲಿನ ಭಾರತ್ ಭವನ್, 1982ರದು, ಚಾರ್ಲ್ಸ್ ಕೊರಿಯಾ ಮಾಡಿದ್ದು. ರಂಗಮಂದಿರ, ಕಲಾ ಗ್ಯಾಲರಿ ಎಲ್ಲ ಕೆರೆ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಮೇಲಿಂದ ನೋಡಿದರೆ ಕಟ್ಟಡ ಇದೆಯಾ ಅನ್ನಿಸುತ್ತದೆ. ಅಲ್ಲಿನ ತೆರೆದ ಅಂಗಳಗಳನ್ನು ಮಾತ್ರ ಹಾಗೇ ಎತ್ತಿಕೊಂಡು ಬರಬೇಡಿ. ಭೋಪಾಲ್ ಮಳೆ ಬೇರೆ, ನಮ್ಮದು ಬೇರೆ.

ನಾನು ಹೇಳಿದ ಈ ದಾರಿಯಲ್ಲೂ ತೊಂದರೆ ಇಲ್ಲದಿಲ್ಲ. ಫೋಟೋದಲ್ಲಿ ಚಿಪ್ಪಿನಷ್ಟು ತಟ್ಟನೆ ಕಣ್ಣಿಗೆ ಹೊಡೆಯುವುದಿಲ್ಲ. ಉದ್ದ ಸೂರನ್ನು ಗಾಳಿ ಮೇಲಕ್ಕೆ ಎತ್ತುತ್ತದೆ, ಟ್ರಸ್‌ನ ಹಿಡಿತದ ಲೆಕ್ಕವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಹಾಕಬೇಕು, ಮೇಸ್ತ್ರಿ ಅಂದಾಜು ಸಾಲದು. ಹಾಲ್ ಕೆಳಗೆ ಇಳಿದ ಹಾಗೆ ಕೆಳಗಿನ ಮಟ್ಟದಿಂದಲೂ ನೇರ ಹೊರಗೆ ಹೋಗುವ ಬಾಗಿಲು, ಅಲ್ಲಿಗೆ ಅಗ್ನಿಶಾಮಕ ವಾಹನ ಬರುವ ದಾರಿ ಬೇಕು. ಆ ದಾರಿಗೆ ಜಾಗ ಹೋಗುತ್ತದೆ.

ಬೆಂಕಿಯ ವಿಷಯದಲ್ಲಿ ಕಂಟ್ರಾಕ್ಟರ್ ಹೇಳಿದ ಎಸಿಪಿ ಚಿಪ್ಪಿಗೆ ನನ್ನ ಉತ್ತರ ಖಡಾಖಂಡಿತ ಬೇಡ. ಅಗ್ಗದ ಎಸಿಪಿ ಅಂದರೆ ಎರಡು ತೆಳು ಅಲ್ಯೂಮಿನಿಯಂ ಹಾಳೆ, ನಡುವೆ ಪ್ಲಾಸ್ಟಿಕ್. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊರಮೈಗೆ ಬೆಂಕಿ ಹಬ್ಬಿ 72 ಜನ ಸತ್ತದ್ದು ಇಂಥ ಶೀಟಿನಿಂದಲೇ. ನಿಮ್ಮ ಚಿಪ್ಪಿಗೂ ಒಳಗಿನ ಸೀಲಿಂಗಿಗೂ ನಡುವೆ ದೊಡ್ಡ ಪೊಳ್ಳು ಇರುತ್ತದೆ. ಅದರಲ್ಲಿ ವೈರ್ ಓಡುತ್ತದೆ, ಇಲಿ ಓಡುತ್ತದೆ. 2024ರ ಮೇ ತಿಂಗಳಲ್ಲಿ ರಾಜ್‌ಕೋಟ್‌ನ ಗೇಮ್ ಝೋನ್ ಸುಟ್ಟು ಮಕ್ಕಳೂ ಸೇರಿ ಇಪ್ಪತ್ತೈದಕ್ಕೂ ಜಾಸ್ತಿ ಜನ ಹೋದರು. ಶೀಟಿನ ತಾತ್ಕಾಲಿಕ ಕಟ್ಟಡ, ಅಗ್ನಿಶಾಮಕ ಇಲಾಖೆಯ ಎನ್‌ಒಸಿ ಇರಲಿಲ್ಲ. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತದ್ದು ಹೆಚ್ಚಾಗಿ ಹೊಗೆಯಿಂದ. ಕೆಳಗಿನ ಟ್ರಾನ್ಸ್‌ಫಾರ್ಮರ್ ಹೊತ್ತಿಕೊಂಡಿತು, ಮೇಲೆ ಹೊರಹೋಗುವ ದಾರಿ ಮುಚ್ಚಿತ್ತು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ನಮ್ಮಲ್ಲಿ ಜನರೇಟರ್ ಇರಲೇಬೇಕು. ಅದಕ್ಕೆ ಕಟ್ಟಡದಿಂದ ದೂರ ಬೇರೆ ಶೆಡ್ ಮಾಡಿ. ಹಾಲಿನ ಬಾಗಿಲು ಹೊರಕ್ಕೇ ತೆರೆಯಬೇಕು. ಇಂಥ ಜನ ಸೇರುವ ಕಟ್ಟಡಕ್ಕೆ ರಾಷ್ಟ್ರೀಯ ಕಟ್ಟಡ ಸಂಹಿತೆ ಕೇಳುವ ಹೊರಬಾಗಿಲ ಅಗಲ 2 ಮೀಟರ್. ಕರ್ನಾಟಕದ 1964ರ ಸಿನಿಮಾ ನಿಯಂತ್ರಣ ಕಾಯ್ದೆ ಪ್ರಕಾರ ಲೈಸೆನ್ಸ್ ಬೇರೆ ಬೇಕು. ನಕ್ಷೆ ಕಾಗದದ ಮೇಲಿರುವಾಗಲೇ ಅಗ್ನಿಶಾಮಕ ಇಲಾಖೆಗೆ ತೋರಿಸಿ. ಕಟ್ಟಿದ ಮೇಲೆ ಮೆಟ್ಟಿಲು ಅಗಲ ಮಾಡಲು ಆಗುವುದಿಲ್ಲ.

ಕಾಪಿರೈಟ್ ಬಗ್ಗೆ. 20 ಪರ್ಸೆಂಟ್ ಬದಲಾಯಿಸಿದರೆ ಸಾಕು ಅನ್ನುವ ನಿಯಮ ಎಲ್ಲೂ ಇಲ್ಲ, ಬಾಯಿಂದ ಬಾಯಿಗೆ ಬಂದದ್ದು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಟ್ಟಡವೂ ಕಲಾಕೃತಿಯ ಪಟ್ಟಿಯಲ್ಲಿದೆ. ಆದರೆ ರಕ್ಷಣೆ ಇರುವುದು ಅದರ ಕಲಾತ್ಮಕ ರೂಪ, ವಿನ್ಯಾಸಕ್ಕೆ. ಕಟ್ಟುವ ವಿಧಾನಕ್ಕೆ ಅಲ್ಲ. ಎತ್ತರದ ಕಟ್ಟೆ ಮೇಲೆ ದೊಡ್ಡ ಛಾವಣಿ ಅನ್ನುವ ಕಲ್ಪನೆ ಯಾರ ಆಸ್ತಿಯೂ ಅಲ್ಲ. ಗುರುತು ಹಿಡಿಯುವ ಹಾಗೆ ಅದೇ ಚಿಪ್ಪು ಅದೇ ಸಾಲಿನಲ್ಲಿ ಬಂದರೆ ತಕರಾರಿಗೆ ಜಾಗ ಇದೆ. ಕಟ್ಟಲು ಶುರುವಾದ ಕಟ್ಟಡವನ್ನು ಕಾಪಿರೈಟ್ ಕಾರಣಕ್ಕೆ ತಡೆಯಲು, ಒಡೆಸಲು ಆಗುವುದಿಲ್ಲ ಅಂತ ಅದೇ ಕಾಯ್ದೆಯ 59ನೇ ಸೆಕ್ಷನ್ ಹೇಳುತ್ತದೆ. ಹಾಗಂತ ಪರಿಹಾರ ಕೇಳುವ ದಾರಿ ಮುಚ್ಚುವುದಿಲ್ಲ. ಬೋರ್ಡಿನಲ್ಲಿ ಸಿಡ್ನಿ ಒಪೆರಾ ಹೌಸ್ ಹೆಸರು ಹಾಕುವ ಯೋಚನೆ ಇದ್ದರೆ ಮೊದಲು ವಕೀಲರನ್ನು ಕೇಳಿ. ನನ್ನ ಮಟ್ಟಿಗೆ ಕೇಸಿಗಿಂತ ದೊಡ್ಡ ಅಪಾಯ ಬೇರೆ: ಚಿಕ್ಕದಾಗಿ ಮಾಡಿದ ಸಿಡ್ನಿ ಯಾವಾಗಲೂ ಚಿಕ್ಕ ಸಿಡ್ನಿಯಾಗಿಯೇ ಕಾಣುತ್ತದೆ.

ವಿಚಿತ್ರ ಆಕಾರ ಇದ್ದರೆ ಪ್ರವಾಸಿಗರು ತಾವೇ ಬರುತ್ತಾರೆ ಅಂತ ಕೆಲವರು ಸ್ಪೇನಿನ ಬಿಲ್ಬಾವೊ ಉದಾಹರಣೆ ಕೊಡುತ್ತಾರೆ. 1997ರಲ್ಲಿ ಫ್ರಾಂಕ್ ಗೆರಿ ಅಲ್ಲಿ ಕಟ್ಟಿದ ಟೈಟಾನಿಯಂ ಹೊದಿಕೆಯ ಮ್ಯೂಸಿಯಂ ಊರಿನ ಹಣೆಬರಹ ಬದಲಾಯಿಸಿತು ಅನ್ನುವುದು ಅರ್ಧ ಸತ್ಯ. ಅದೇ ಕಾಲಕ್ಕೆ ಆ ಊರು ಮೆಟ್ರೊ ಮಾಡಿತು, ನದಿ ಚೊಕ್ಕ ಮಾಡಿತು, ಹೊಸ ವಿಮಾನ ನಿಲ್ದಾಣ ಕಟ್ಟಿತು. ನಿಮ್ಮ ಹಾಲ್ ನಡೆಯುವುದು ವಾರದ ದಿನ ಬರುವ ಗೋಣಿಕೊಪ್ಪ, ಪೊನ್ನಂಪೇಟೆ, ವಿರಾಜಪೇಟೆ ಜನರಿಂದ. ಅವರಿಗೆ ಬೇಕಾದದ್ದು ಮಳೆಯಲ್ಲಿ ನೆನೆಯದೆ ಕಾರಿನಿಂದ ಒಳಗೆ ಬರುವ ದಾರಿ, ವಾಸನೆ ಇಲ್ಲದ ಟಾಯ್ಲೆಟ್, ಕೇಳುವ ಸೌಂಡ್. ಕೊನೆಯ ಆಟದ ಸಮಯವನ್ನೂ ಆನೆ ಓಡಾಟ ನೋಡಿಕೊಂಡೇ ಇಡಿ. ತೋಟದ ರಸ್ತೆಯಲ್ಲಿ ಮನೆಗೆ ಹೋಗುವವರು ರಾತ್ರಿ ಹನ್ನೆರಡಕ್ಕೆ ಬರುವುದಿಲ್ಲ.

ಮುಂದಿನ ಕೆಲಸ ಇಷ್ಟು. ಆಕಾರದ ಚಿತ್ರ ತೆಗೆಸುವ ಮೊದಲು ಜಾಗದ ಕಾಂಟೂರ್ ಸರ್ವೆ (ಎತ್ತರ ತಗ್ಗಿನ ಅಳತೆ), ಮಣ್ಣು ಪರೀಕ್ಷೆ ಮಾಡಿಸಿ. ಭೂಪರಿವರ್ತನೆ ಆದೇಶದ ಪ್ರತಿ ತೆಗೆದು ಯಾವ ಉದ್ದೇಶಕ್ಕೆ ಅಂತ ಬರೆದಿದೆ ಓದಿ, ಅದರಲ್ಲಿನ ಷರತ್ತುಗಳನ್ನೂ. ಆರ್ಕಿಟೆಕ್ಟನ್ನು ಮಳೆ ಜೋರಿರುವಾಗ ಜಾಗಕ್ಕೆ ಕರೆದುಕೊಂಡು ಹೋಗಿ, ಒರತೆ ಎಲ್ಲೆಲ್ಲಿ ಏಳುತ್ತದೆ ನೋಡಲಿ. ಕಂಪ್ಯೂಟರಿನ ಬಣ್ಣದ ಚಿತ್ರ ಕೇಳಬೇಡಿ. ಕಟ್ಟಡವನ್ನು ಅಡ್ಡ ಸೀಳಿದ ನಕ್ಷೆ ಕೇಳಿ. ಒಂದು ಹನಿ ನೀರು ಛಾವಣಿ ಮೇಲೆ ಬಿದ್ದು ಗದ್ದೆಯ ತೋಡು ಸೇರುವ ತನಕದ ದಾರಿಯನ್ನು ಅದರ ಮೇಲೆ ಬೆರಳಿಟ್ಟು ತೋರಿಸಲಿ.

ಇಷ್ಟಾದರೂ ಅಣ್ಣ ಬಾಗಿದ ಛಾವಣಿ ಬೇಕೇ ಬೇಕು ಅಂದರೆ ಜಗಳ ಮಾಡಬೇಡಿ. ಹಾಲುಗಳನ್ನು ಬಿಟ್ಟು, ಮುಂದೆ ಜನ ಇಳಿಯುವ ಪೋರ್ಟಿಕೊ ಒಂದಕ್ಕೆ ಮಾತ್ರ ಅದನ್ನು ಮಾಡಿಸಿ, ಕಾಂಕ್ರೀಟಿನಲ್ಲೇ. ಅದು ಸೋರಿದರೂ ಕೆಳಗೆ ಸೀಟಿಲ್ಲ, ಪ್ರೊಜೆಕ್ಟರ್ ಇಲ್ಲ. ಏಣಿ ಇಟ್ಟು ತೊಳೆಯುವಷ್ಟು ಎತ್ತರದಲ್ಲಿರಲಿ. ಬಾಗು ಒಂದೇ ಇರಲಿ, ಕಣಿವೆ ಬೇಡ. ಅಗಲ 30 ಅಡಿ ದಾಟಿತು ಅಂದರೆ ಸೆಂಟ್ರಿಂಗ್ ಖರ್ಚು ಕೇಳಿ ಅಣ್ಣನೇ ಕಡಿಮೆ ಮಾಡಿಸುತ್ತಾರೆ.